ಮಾತು ಮುಟ್ಟಬೇಕು

ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ



ಇಂದಿನ ಸಭೆಗೆ ಗೊತ್ತುಮಾಡಿರುವ ವಿಷಯ ‘ಕೆಲಸದ ಜಾಗದಲ್ಲಿ ಮಾತು’. ಕರಪತ್ರ ಓದಿ ಕೆಲವರು ನಕ್ಕರೆಂದು ಕೇಳಿದೆವು. ಕೂಲಿಯ ಸುದ್ದಿಯಿಲ್ಲ, ಬೋನಸ್ಸಿನ ಸುದ್ದಿಯಿಲ್ಲ, ಮಾತಿನ ಮೇಲೆಯೇ ಒಂದು ಮಾತೇ ಎಂದರಂತೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸ್ವಲ್ಪ ಯೋಚಿಸಿ ನೋಡಬೇಕು. ಸಂಬಳದ ಲೆಕ್ಕ ತಪ್ಪಿದರೆ ಅದನ್ನು ಬಾಯಿಬಿಟ್ಟು ಕೇಳಬೇಕು. ಯಂತ್ರದ ಗಾರ್ಡು ಸಡಿಲವಾಗಿದ್ದರೆ ಮುಂದಿನ ಪಾಳಿಯವನಿಗೆ ಹೇಳಬೇಕು. ಹೇಳಿದ್ದು ಮುಟ್ಟದೆ ಹೋದರೆ ಒಂದು ಕಡೆ ಸಂಬಳ ಹೋಗುತ್ತದೆ, ಇನ್ನೊಂದು ಕಡೆ ಬೆರಳು ಹೋಗುತ್ತದೆ. ಕೆಲವು ಸಲ ಪ್ರಾಣವೇ ಹೋಗುತ್ತದೆ. ಆದ್ದರಿಂದ ಇದು ಹೊಟ್ಟೆಪಾಡಿನ ವಿಷಯವೇ ಎಂದು ನಾವು ಭಾವಿಸುತ್ತೇವೆ.

ಈಗ ದೊಡ್ಡ ಕಂಪನಿಗಳು ಮಾತಿನ ತರಬೇತಿ ನಡೆಸುತ್ತವೆ. ಮೆಲ್ಲಗೆ ಆಡಿ, ನಗುತ್ತ ಆಡಿ, ಎದುರಿನವರ ಮುಖ ನೋಡಿ ಆಡಿ ಎಂದು ಹೇಳಿಕೊಡುತ್ತವೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ರೋಗ ಒಂದು, ಮದ್ದು ಇನ್ನೊಂದು ಆಗಬಾರದು. ನಮ್ಮ ಕೆಲಸಗಾರ ಸಂತೆಯಲ್ಲಿ ಎತ್ತಿನ ವ್ಯಾಪಾರ ಕುದುರಿಸುತ್ತಾನೆ. ಊರಿನ ಪಂಚಾಯಿತಿಕಟ್ಟೆಯಲ್ಲಿ ನ್ಯಾಯ ಹೇಳುತ್ತಾನೆ. ಅದೇ ಮನುಷ್ಯ ಗಿರಣಿಯ ಗೇಟು ದಾಟಿದೊಡನೆ ಮೂಕನಾಗುತ್ತಾನೆ. ನಾಲಿಗೆ ಅದೇ, ಜಾಗ ಬೇರೆ. ಆ ಜಾಗದಲ್ಲಿ ಮಾತಿಗೆ ಅಡ್ಡ ನಿಂತ ಗೋಡೆಗಳು ನಾಲ್ಕು ಎಂದು ನಮಗೆ ಕಾಣುತ್ತದೆ. ಒಂದು ಸದ್ದು, ಎರಡು ಭಾಷೆ, ಮೂರು ನಡುವೆ ನಿಂತ ಮನುಷ್ಯ, ನಾಲ್ಕು ಭಯ. ಒಂದೊಂದಾಗಿ ನೋಡೋಣ.

ಮೊದಲು ಸದ್ದು. ನೇಯ್ಗೆ ವಿಭಾಗದಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯ ಹತ್ತಿರ ಕೂಗಿದರೂ ಕೇಳಿಸದು. ಎಂಟು ಗಂಟೆಯ ದುಡಿಮೆಗೆ ೯೦ ಡೆಸಿಬೆಲ್ ಸದ್ದು ಮೀರಬಾರದೆಂದು ನಮ್ಮ ಕಾರ್ಖಾನೆ ನಿಯಮಗಳು ಹೇಳುತ್ತ ಬಂದಿವೆ. ಮಗ್ಗಗಳ ನಡುವೆ ಎಷ್ಟೋ ವೇಳೆ ಆ ಮಿತಿ ದಾಟುತ್ತದೆ. ಇಂಗ್ಲೆಂಡಿನ ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ ಹೆಣ್ಣಾಳುಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಸ್ವರವನ್ನೇ ಬಿಟ್ಟು, ತುಟಿಯನ್ನು ಅಗಲವಾಗಿ ಆಡಿಸಿ, ಕೈಸನ್ನೆ ಸೇರಿಸಿ, ಮಗ್ಗದಿಂದ ಮಗ್ಗಕ್ಕೆ ಮಾತನಾಡುತ್ತಿದ್ದರು. ಅದಕ್ಕೆ ಅವರು ‘ಮೀ-ಮಾ’ ಎಂದು ಹೆಸರಿಟ್ಟಿದ್ದರು. ಯಾವ ಶಾಲೆಯೂ ಅದನ್ನು ಕಲಿಸಲಿಲ್ಲ. ದುಡಿಯುವ ಜನಕ್ಕೆ ಮಾತನಾಡುವ ಜಾಣತನ ಇಲ್ಲವೆಂದು ಯಾರಾದರೂ ಹೇಳಿದರೆ ಈ ಉದಾಹರಣೆ ಕೊಡಿ.

ಆದರೆ ತುಟಿಸನ್ನೆಯಲ್ಲಿ ‘ದಾರ ಕಡಿಯಿತು’ ಎಂದು ಹೇಳಬಹುದೇ ಹೊರತು, ‘ಈ ಯಂತ್ರದ ಭಾಗ ಬಿಚ್ಚಿ ಇಟ್ಟಿದೆ, ಇವತ್ತು ಇದನ್ನು ನಡೆಸಬೇಡಿ’ ಎಂಬಂಥ ಮಾತು ಹೇಳಲಾಗದು. ಅಂಥ ಮಾತಿಗೆ ಸದ್ದಿಲ್ಲದ ಜಾಗ ಬೇಕು, ಐದು ನಿಮಿಷದ ಹೊತ್ತು ಬೇಕು, ಬರೆದಿಡುವ ಪುಸ್ತಕ ಬೇಕು. ಈ ಮೂರೂ ಇಲ್ಲದಾಗ ಏನಾಗುತ್ತದೆ? ೧೯೮೮ರ ಜುಲೈ ೬ರಂದು ಸ್ಕಾಟ್ಲೆಂಡಿನ ಸಮೀಪ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲದ ಅಟ್ಟಣೆಯಲ್ಲಿ ನಡೆದ ಅನಾಹುತ ನೋಡಿ. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ರಿಪೇರಿಗಾಗಿ ತೆಗೆದಿಟ್ಟಿದ್ದರು. ಆ ಸಂಗತಿ ಇರುಳು ಪಾಳಿಯವರಿಗೆ ಮುಟ್ಟಲಿಲ್ಲ. ರಾತ್ರಿ ಇನ್ನೊಂದು ಪಂಪು ನಿಂತುಹೋದಾಗ ಅವರು ಇದನ್ನೇ ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಗಿ ೧೬೭ ಮಂದಿ ಸತ್ತರು. ಯಂತ್ರ ಕೆಟ್ಟಿದೆಯೆಂಬ ತಿಳಿವಳಿಕೆ ಆ ಅಟ್ಟಣೆಯ ಮೇಲೆಯೇ ಇತ್ತು. ಒಂದು ಪಾಳಿಯ ಬಾಯಿಂದ ಇನ್ನೊಂದು ಪಾಳಿಯ ಕಿವಿಗೆ ಅದು ಹೋಗಲಿಲ್ಲ, ಅಷ್ಟೆ.

ನಮ್ಮ ಗಿರಣಿಗಳಲ್ಲಿ ಪಾಳಿ ಬದಲಾಗುವ ಗಳಿಗೆ ಹೇಗಿರುತ್ತದೆ ಎಂದು ನೀವೇ ಹೇಳಿ. ಹೋಗುವವನಿಗೆ ಬಸ್ಸು ಹಿಡಿಯುವ ಆತುರ, ಬರುವವನಿಗೆ ಹಾಜರಿ ತಪ್ಪುವ ಆತುರ. ಇಬ್ಬರೂ ಗೇಟಿನಲ್ಲಿ ಒಬ್ಬರನ್ನೊಬ್ಬರು ದಾಟಿಹೋಗುತ್ತಾರೆ. ಇದು ಅವರ ಅಸಡ್ಡೆಯಲ್ಲ. ಹೇಳಿ ಕೇಳುವ ಐದು ನಿಮಿಷಕ್ಕೆ ಸಂಬಳವಿಲ್ಲ, ಆದ್ದರಿಂದ ಆ ಐದು ನಿಮಿಷವೇ ಇಲ್ಲ. ಪಾಳಿ ಒಪ್ಪಿಸುವ ಹೊತ್ತನ್ನು ಕೆಲಸದ ಹೊತ್ತೆಂದೇ ಲೆಕ್ಕ ಹಿಡಿಯಬೇಕೆಂಬುದು ನಮ್ಮ ಮೊದಲ ಬೇಡಿಕೆಯಾಗಬೇಕು.

ಎರಡನೆಯ ಗೋಡೆ ಭಾಷೆ. ಇದು ಹೊಸ ಸಂಗತಿಯಲ್ಲ. ೧೯೪೬ರ ಸ್ಥಾಯಿ ಆಜ್ಞೆಗಳ ಕಾಯಿದೆಯೂ ೧೯೪೮ರ ಕಾರ್ಖಾನೆ ಕಾಯಿದೆಯೂ ಒಂದು ಮಾತನ್ನು ಒಪ್ಪಿದ್ದವು. ಗೋಡೆಗೆ ಹಚ್ಚುವ ನಿಯಮ, ನೋಟೀಸುಗಳು ಇಂಗ್ಲಿಷಿನಲ್ಲಿಯೂ ಇರಬೇಕು, ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು ಎಂದು. ಕಾಗದದ ಮೇಲೆ ಒಳ್ಳೆಯ ಮಾತು. ಆದರೆ ಕಚೇರಿಯ ಕನ್ನಡ ಎಂಬುದೊಂದಿದೆ. ‘ಮೇಲ್ಕಂಡ ಷರತ್ತುಗಳ ಉಲ್ಲಂಘನೆಯು ಶಿಸ್ತುಕ್ರಮಕ್ಕೆ ಒಳಪಡತಕ್ಕದ್ದು’ ಎಂದು ಬರೆದರೆ ಅಕ್ಷರ ಕನ್ನಡದ್ದೇ, ಅರ್ಥ ಮಾತ್ರ ಮಾಲೀಕರ ವಕೀಲನಿಗೆ ಗೊತ್ತು. ಇನ್ನೊಂದು ತೊಡಕು ‘ಬಹುಪಾಲು’ ಎಂಬ ಪದದಲ್ಲಿದೆ. ಈಗ ಕರ್ನಾಟಕದ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಜಾರ್ಖಂಡ, ಅಸ್ಸಾಮಿನಿಂದ ಹುಡುಗರೂ ಹುಡುಗಿಯರೂ ದುಡಿಯಲು ಬರುತ್ತಾರೆ. ಬಹುಪಾಲಿಗೆ ಸೇರದ ಆ ಮಕ್ಕಳಿಗೆ ‘ಇಲ್ಲಿ ಕೈ ಹಾಕಬೇಡ’ ಎಂದು ಹೇಳುವವರು ಯಾರು? ಕನ್ನಡ ನಮ್ಮ ಹಕ್ಕು ಎಂದು ಹೇಳುವ ನಾವೇ ಅವರ ಭಾಷೆಯ ಹಕ್ಕನ್ನೂ ಹೇಳಬೇಕು. ಯಂತ್ರ ಬೆರಳು ಕತ್ತರಿಸುವಾಗ ಯಾವ ಭಾಷೆಯವನೆಂದು ಕೇಳುವುದಿಲ್ಲ.

ಭೂಪಾಲದ ಕಥೆ ಎಲ್ಲರೂ ಬಲ್ಲಿರಿ. ೧೯೮೪ರ ಡಿಸೆಂಬರ್ ೨ ಮತ್ತು ೩ರ ನಡುವಣ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು ೪೦ ಟನ್ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಅದನ್ನು ಯಂತ್ರದ ಕಥೆಯೆಂದು ಓದುತ್ತೇವೆ. ಮಾತಿನ ಕಥೆಯೆಂದೂ ಓದಬೇಕು. ಅಲ್ಲಿ ಯಂತ್ರ ನಡೆಸುವ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ದುಡಿಯುವವರಲ್ಲಿ ಅನೇಕರಿಗೆ ಹಿಂದಿ ಮಾತ್ರ ಬರುತ್ತಿತ್ತು. ೧೯೮೧ರ ಡಿಸೆಂಬರಿನಲ್ಲಿಯೇ ಅಲ್ಲಿ ವಿಷಾನಿಲಕ್ಕೆ ಒಬ್ಬ ಕೆಲಸಗಾರ ಬಲಿಯಾಗಿದ್ದ. ಕಾರ್ಮಿಕರು ದೂರು ಹೇಳಿದರು. ೧೯೮೨ರಲ್ಲಿ ರಾಜ್‌ಕುಮಾರ್ ಕೇಸ್ವಾನಿ ಎಂಬ ಪತ್ರಕರ್ತರು ತಮ್ಮ ‘ರಪಟ್’ ಎಂಬ ಸಣ್ಣ ಹಿಂದಿ ವಾರಪತ್ರಿಕೆಯಲ್ಲಿ ಊರಿಗೇ ಅಪಾಯವಿದೆಯೆಂದು ಬರೆದರು. ಮೇಲಿನವರು ಕಿವಿಗೊಡಲಿಲ್ಲ. ಆ ಕೊನೆಯ ರಾತ್ರಿಯೂ ಕಣ್ಣುರಿ ಶುರುವಾಯಿತೆಂದು, ಎಲ್ಲಿಯೋ ಸೋರುತ್ತಿದೆಯೆಂದು ಕೆಲಸಗಾರರು ಮೇಲ್ವಿಚಾರಕನಿಗೆ ತಿಳಿಸಿದರು. ಚಹಾ ಮುಗಿದ ಮೇಲೆ ನೋಡೋಣ ಎಂಬ ಉತ್ತರ ಬಂತೆಂದು ಅವರೇ ಅನಂತರ ಪತ್ರಿಕೆಗಳಿಗೆ ಹೇಳಿದರು. ಮೇಲಿನಿಂದ ಕೆಳಕ್ಕೆ ಬರಬೇಕಾದ ತಿಳಿವಳಿಕೆ ಭಾಷೆಯಲ್ಲಿ ಸಿಕ್ಕಿಬಿತ್ತು. ಕೆಳಗಿನಿಂದ ಮೇಲಕ್ಕೆ ಹೋಗಬೇಕಾದ ಎಚ್ಚರಿಕೆ ತಾತ್ಸಾರದಲ್ಲಿ ಸಿಕ್ಕಿಬಿತ್ತು. ನಡುವೆ ಬಡವರ ಕೇರಿಗಳು ಸತ್ತವು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಬೇಕೆ? ೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತು. ಕೆಲಸ ಬಿಟ್ಟವರು ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಆ ದುಡ್ಡು ಮಗಳ ಮದುವೆ, ಗಂಡನ ಔಷಧಿ, ಮನೆಯ ಸಾಲ. ಅವರನ್ನು ಒಂದು ಮಾತು ಕೇಳಿದವರಿಲ್ಲ, ಕೂರಿಸಿಕೊಂಡು ವಿವರಿಸಿದವರೂ ಇಲ್ಲ. ಏಪ್ರಿಲ್ ೧೮ ಮತ್ತು ೧೯ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರ ಸಾವಿರ ಹೆಂಗಸರು ಬೀದಿಗಿಳಿದರು. ೧೯ರಂದೇ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಎರಡು ದಿನದಲ್ಲಿ ಕೇಳಿಸಿದ ಮಾತು ಎರಡು ತಿಂಗಳ ಹಿಂದೆಯೇ ಕೇಳಿಸಬಹುದಾಗಿತ್ತು. ಕೇಳುವ ಮನಸ್ಸಿದ್ದರೆ ಅಷ್ಟು ಜನ ರಸ್ತೆಯ ಬಿಸಿಲಿನಲ್ಲಿ ನಿಲ್ಲಬೇಕಾಗಿರಲಿಲ್ಲ.

ಮೂರನೆಯ ಗೋಡೆ ನಡುವೆ ನಿಂತ ಮನುಷ್ಯ. ಹಿಂದೆ ಮುಂಬಯಿ ಗಿರಣಿಗಳಲ್ಲಿ ಇವನ ಹೆಸರು ಜಾಬರ್. ಕೆಲಸಕ್ಕೆ ಸೇರಿಸುವವನು ಅವನು, ತೆಗೆಯುವವನು ಅವನು, ಸಾಲ ಕೊಡುವವನೂ ಎಷ್ಟೋ ಕಡೆ ಅವನೇ. ಮಾಲೀಕನ ಮಾತು ಇವನ ಬಾಯಿಂದ ಇಳಿಯಬೇಕು, ಕೂಲಿಯ ಮಾತು ಇವನ ಬಾಯಿಂದ ಏರಬೇಕು. ಇಳಿಯುವಾಗ ಗದರಿಕೆ ಕೂಡುತ್ತಿತ್ತು, ಏರುವಾಗ ಅರ್ಧ ಕಳೆಯುತ್ತಿತ್ತು. ೧೯೩೧ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವೂ ಈ ಪದ್ಧತಿಯನ್ನು ಟೀಕಿಸಿ, ಕೆಲಸಗಾರರ ಸಂಗಡ ನೇರ ಸಂಬಂಧವಿಡುವ ಲೇಬರ್ ಆಫೀಸರುಗಳನ್ನು ನೇಮಿಸಬೇಕೆಂದಿತು. ೧೯೩೪ರಲ್ಲಿ ಮುಂಬಯಿ ಸರಕಾರ ಕಾಯಿದೆ ಮಾಡಿ ಗಿರಣಿ ಕೆಲಸಗಾರರಿಗೆ ಲೇಬರ್ ಆಫೀಸರನೊಬ್ಬನನ್ನು ಕೊಟ್ಟಿತು.

ಜಾಬರ್ ಹೋದ, ಗುತ್ತಿಗೆದಾರ ಬಂದ. ಈಗ ಮಾಲೀಕನನ್ನು ಕೇಳಿದರೆ ಗುತ್ತಿಗೆದಾರನನ್ನು ಕೇಳು ಎನ್ನುತ್ತಾನೆ. ಗುತ್ತಿಗೆದಾರನನ್ನು ಕೇಳಿದರೆ ಕಂಪನಿಯಿಂದ ದುಡ್ಡು ಬಂದಿಲ್ಲ ಎನ್ನುತ್ತಾನೆ. ೨೦೨೦ರ ಡಿಸೆಂಬರ್ ೧೨ರಂದು ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಗಾಜು ಒಡೆದ ಸುದ್ದಿ ದೇಶವೆಲ್ಲ ಹರಡಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹಲವು ಗುತ್ತಿಗೆದಾರರ ಮೂಲಕ ಸೇರಿದ ಎಳೆಯ ಹುಡುಗರು. ಸಂಬಳ ಸರಿಯಾಗಿ ಬರಲಿಲ್ಲವೆಂಬ ದೂರು ಅದಕ್ಕೆ ಮುಂಚೆಯೇ ಇತ್ತು. ಕೆಲವರಿಗೆ ಸರಿಯಾದ ಸಂಬಳ, ಸರಿಯಾದ ಹೊತ್ತಿಗೆ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಕಲ್ಲೆಸೆತವನ್ನು ನಾವು ಸಮರ್ಥಿಸುವುದಿಲ್ಲ. ಅದರಿಂದ ಹುಡುಗರು ಜೈಲಿಗೆ ಹೋದರೇ ಹೊರತು ಲಾಭವೇನೂ ಆಗಲಿಲ್ಲ. ಆದರೆ ಗಾಜು ಒಡೆದ ಮೇಲೆ ಕೇಳಿಸಿದ ಮಾತು ಗಾಜು ಇದ್ದಾಗ ಏಕೆ ಕೇಳಿಸಲಿಲ್ಲ ಎಂದು ಕೇಳುವ ಹಕ್ಕು ನಮಗುಂಟು.

ಈಗ ವರ್ತಕ ಮಿತ್ರರ ಕಡೆ ತಿರುಗುತ್ತೇವೆ. ಇದೆಲ್ಲ ಗಿರಣಿಯವರ ಗೋಳು, ನಮಗೇನು ಎಂದು ನೀವು ಅಂದುಕೊಳ್ಳಬೇಡಿ. ೨೦೨೫ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ನೋಟೀಸು ಕಳಿಸಿತು. ಬೇಕರಿಯವರು, ಬೀಡಾ ಅಂಗಡಿಯವರು, ತರಕಾರಿ ಮಾರುವವರು ನಡುಗಿಹೋದರು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ ೪೦ ಲಕ್ಷ, ಸೇವೆಗೆ ೨೦ ಲಕ್ಷ ಎಂಬ ಮಿತಿ ಎಷ್ಟು ಮಂದಿಗೆ ಗೊತ್ತಿತ್ತು? ತೆರಿಗೆಯೇ ಇಲ್ಲದ ಹಾಲು, ತರಕಾರಿಯ ದುಡ್ಡೂ ಆ ಮೊತ್ತದಲ್ಲಿ ಸೇರಿತ್ತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಿತ್ತು. ಬಂದ್ ಮಾಡುವ ಮಾತೂ ಎದ್ದಿತು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಜನ ಉಸಿರುಬಿಟ್ಟರು. ಇಲಾಖೆ ಜಿಎಸ್‌ಟಿ ತಿಳಿಸಿಕೊಡುವ ಸಭೆಗಳನ್ನೂ ನಡೆಸಿತು. ಆದರೆ ಮೊದಲು ತಿಳಿವಳಿಕೆ, ಆಮೇಲೆ ನೋಟೀಸು ಎಂಬುದು ನ್ಯಾಯದ ಕ್ರಮ. ಇಲ್ಲಿ ಅದು ತಲೆಕೆಳಗಾಯಿತು. ಸರಕಾರಿ ಕಚೇರಿಯ ಎದುರು ನಿಂತ ಸಣ್ಣ ವರ್ತಕನೂ ಮಾಲೀಕನ ಕೋಣೆಯ ಎದುರು ನಿಂತ ಕೂಲಿಯೂ ಒಂದೇ ಗೋಡೆಗೆ ಮುಖ ಮಾಡಿ ನಿಂತವರು.

ಹಾಗೆಂದ ಮೇಲೆ ವರ್ತಕರು ತಮ್ಮ ಅಂಗಡಿಯೊಳಗನ್ನೂ ನೋಡಿಕೊಳ್ಳಬೇಕು. ನಿಮ್ಮ ಅಂಗಡಿಯ ಹುಡುಗ ಹಿಂದಿನ ಕೋಣೆಯಲ್ಲಿ ಮೂಟೆ ನೆನೆದದ್ದನ್ನು ಕಂಡಿರುತ್ತಾನೆ. ಹೇಳಿದರೆ ಮೊದಲ ಬೈಗುಳ ತನಗೇ ಬೀಳುತ್ತದೆಂದು ಸುಮ್ಮನಿರುತ್ತಾನೆ. ನಾಲ್ಕು ದಿನದಲ್ಲಿ ಮೂಟೆ ಬೂಷ್ಟು ಹಿಡಿಯುತ್ತದೆ. ಆ ನಷ್ಟ ಮಳೆಯಿಂದ ಬಂದದ್ದು ಕಾಲು ಭಾಗ, ಸಾಹುಕಾರರ ಸಿಟ್ಟಿನಿಂದ ಬಂದದ್ದು ಮುಕ್ಕಾಲು ಭಾಗ.

ಇದೇ ನಾಲ್ಕನೆಯ ಗೋಡೆ, ಭಯ. ಉಳಿದ ಮೂರು ಗೋಡೆಗಳಿಗೂ ಇದೇ ತಳಪಾಯ. ಸುದ್ದಿ ತಂದವನಿಗೆ ಶಿಕ್ಷೆಯಾದರೆ ನಾಳೆಯಿಂದ ಸುದ್ದಿ ಬರುವುದಿಲ್ಲ. ಜಪಾನಿನ ಟೊಯೋಟಾ ಮೋಟಾರು ಕಾರ್ಖಾನೆಗಳಲ್ಲಿ ಕೆಲಸದ ಸಾಲಿನ ಮೇಲೆ ಒಂದು ಹಗ್ಗ ಕಟ್ಟಿರುತ್ತಿದ್ದರು. ತಪ್ಪು ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದಾಗಿತ್ತು. ತಪ್ಪು ಸರಿಹೋಗದಿದ್ದರೆ ಸಾಲು ನಿಲ್ಲುತ್ತಿತ್ತು. ಅವರೇನು ಧರ್ಮಕ್ಕೆ ಮಾಡಿದ್ದಲ್ಲ, ಕೆಟ್ಟ ಮೋಟಾರು ಹೊರಗೆ ಹೋದರೆ ನಷ್ಟವೆಂದು ಮಾಡಿದರು. ಆದರೂ ಇದರಿಂದ ಒಂದು ಸಂಗತಿ ರುಜುವಾಗುತ್ತದೆ. ಕೆಳಗಿನವರ ಮಾತು ಬೇಕೆಂದು ಮೇಲಿನವರಿಗೆ ಅನಿಸಿದರೆ ದಾರಿ ತಾನಾಗಿ ಸಿಗುತ್ತದೆ. ಅನಿಸದಿದ್ದಲ್ಲಿ ಅನಿಸುವಂತೆ ಮಾಡುವುದು ಸಂಘಟನೆಯ ಕೆಲಸ.

ಕಾಯಿದೆ ಏನು ಕೊಟ್ಟಿದೆಯೆಂಬುದನ್ನೂ ತಿಳಿದಿರಬೇಕು. ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂತು. ಅದರಲ್ಲಿ ನಮಗೆ ಒಪ್ಪಿಗೆಯಿಲ್ಲದ್ದು ಬಹಳ. ಹಳೆಯ ಕೇಂದ್ರ ಕಾಯಿದೆಯಲ್ಲಿ ನೂರು ಕೆಲಸಗಾರರಿದ್ದಲ್ಲಿ ಸ್ಥಾಯಿ ಆಜ್ಞೆಗಳನ್ನು ಬರೆದಿಡಬೇಕಾಗಿತ್ತು. ಈಗ ಆ ಸಂಖ್ಯೆಯನ್ನು ಮುನ್ನೂರಕ್ಕೆ ಏರಿಸಿದ್ದಾರೆ. ಎಂದರೆ ಇನ್ನೂರೈವತ್ತು ಜನರ ಗಿರಣಿಯಲ್ಲಿ ಕೆಲಸದ ನಿಯಮವೇನೆಂದು ಬರೆದು ತೋರಿಸುವ ಕಟ್ಟುಪಾಡು ಸಡಿಲವಾಯಿತು. ಇದರ ವಿರುದ್ಧ ದನಿಯೆತ್ತಬೇಕಾದ್ದೇ. ಆದರೆ ಇದ್ದ ಬಾಗಿಲನ್ನು ಬಳಸದೆ ಬಿಡುವುದು ಬುದ್ಧಿವಂತಿಕೆಯಲ್ಲ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಯೆಲ್ಲ ಕುಂದುಕೊರತೆ ಸಮಿತಿ ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಸಮಿತಿಯಲ್ಲಿ ಮಾಲೀಕರ ಕಡೆಯವರೂ ಕೆಲಸಗಾರರೂ ಸಮಸಮವಾಗಿರಬೇಕು. ಒಟ್ಟು ಹತ್ತು ಮಂದಿ ಮೀರಬಾರದು. ಕೆಲಸಗಾರರಲ್ಲಿ ಹೆಂಗಸರ ಪಾಲು ಎಷ್ಟೋ ಸಮಿತಿಯಲ್ಲಿಯೂ ಅದಕ್ಕೆ ಕಡಿಮೆಯಾಗಬಾರದು. ತೊಂದರೆ ಹುಟ್ಟಿದ ಒಂದು ವರ್ಷದೊಳಗೆ ದೂರು ಕೊಡಬಹುದು. ಮೂವತ್ತು ದಿನದಲ್ಲಿ ವಿಚಾರಣೆ ಮುಗಿಸಬೇಕು. ಕೆಲಸಗಾರರ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದೆ ತೀರ್ಮಾನವಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಈ ಸಮಿತಿ ಇದೆಯೇ? ಇದ್ದರೆ ನಿಮ್ಮ ಕಡೆಯವರು ಯಾರೆಂದು ಗೊತ್ತೇ? ನಾಳೆ ಬೆಳಿಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಮಾತು ಮುಟ್ಟಿಸುವ ಕಲೆಯನ್ನು ನಮ್ಮ ದೇಶದ ಕಾರ್ಮಿಕರು ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟಿದ್ದಾರೆ. ೧೯೧೮ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ನೂರಕ್ಕೆ ೩೫ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ೨೦ಕ್ಕಿಂತ ಮುಂದೆ ಬರಲಿಲ್ಲ. ಫೆಬ್ರವರಿ ೨೨ರಿಂದ ಬೀಗ ಬಿತ್ತು. ಗಾಂಧೀಜಿಯೂ ಅನಸೂಯಾ ಬೆಹನ್ ಸಾರಾಭಾಯಿಯವರೂ ಸಾಬರಮತಿ ನದಿಯ ದಡದಲ್ಲಿ ಒಂದು ಜಾಲಿಯ ಮರದ ಕೆಳಗೆ ದಿನದಿನವೂ ಸಭೆ ಸೇರಿಸಿದರು. ಕರಪತ್ರ ಹೊರಡಿಸಿ ಓದಿ ಹೇಳಿದರು. ಓದು ಬಾರದವನಿಗೂ ಅಂದಿನ ಸ್ಥಿತಿ ಏನು, ಬೇಡಿಕೆ ಏಕೆ, ಮಾಡಬಾರದ್ದು ಯಾವುದು ಎಂಬುದೆಲ್ಲ ಬಾಯಿಪಾಠವಾಯಿತು. ಮಾರ್ಚ್ ೧೮ರಂದು ರಾಜಿಯಾಯಿತು. ಪಂಚರಾಗಿ ಕುಳಿತ ಆನಂದಶಂಕರ ಧ್ರುವರು ಕೊನೆಗೆ ೩೫ರ ಬೇಡಿಕೆಯನ್ನೇ ಎತ್ತಿಹಿಡಿದರು. ಧ್ವನಿವರ್ಧಕವಿಲ್ಲ, ಫೋನಿಲ್ಲ. ಒಂದು ಮರ, ಒಂದು ಹಾಳೆ, ದಿನವೂ ತಪ್ಪದ ಹೊತ್ತು. ನಮ್ಮ ಕೈಯಲ್ಲಿ ಈಗ ಫೋನಿದೆ. ಒಂದೇ ಗಳಿಗೆಯಲ್ಲಿ ನೂರು ಜನಕ್ಕೆ ಸುದ್ದಿ ಹೋಗುತ್ತದೆ, ಅದರ ಬೆನ್ನಿಗೆ ನೂರು ಸುಳ್ಳೂ ಹೋಗುತ್ತದೆ. ಎದುರುಬದುರು ಕುಳಿತು ಕೇಳಿ ಖಚಿತಮಾಡಿಕೊಳ್ಳುವ ಸಭೆಗೆ ಅದು ಬದಲಿಯಾಗದು.

ಹಾಗಾದರೆ ಮಾಡಬೇಕಾದ್ದೇನು? ನಾವು ಐದು ಕೆಲಸ ಸೂಚಿಸುತ್ತೇವೆ.

ಒಂದು, ಪ್ರತಿಯೊಂದು ವಿಭಾಗದಲ್ಲಿ ಪಾಳಿಯ ಪುಸ್ತಕವಿಡಿ. ಹೋಗುವವನು ಎರಡು ಸಾಲು ಬರೆಯಲಿ, ಬರುವವನು ಓದಿ ಸಹಿ ಹಾಕಲಿ. ಬರೆಯಲು ಬಾರದಿದ್ದರೆ ಹೇಳಲಿ, ಬಲ್ಲವನು ಬರೆಯಲಿ.

ಎರಡು, ವಾರಕ್ಕೊಮ್ಮೆ ನೋಟೀಸು ಹಲಗೆಯ ಮುಂದೆ ನಿಂತು ಒಬ್ಬರು ಗಟ್ಟಿಯಾಗಿ ಓದಿ, ಆಡುಮಾತಿನಲ್ಲಿ ಅರ್ಥ ಹೇಳಲಿ. ಒಡಿಯಾ, ಹಿಂದಿ ಆಡುವವರಿದ್ದರೆ ಅವರವರಲ್ಲೇ ಒಬ್ಬರು ಅವರ ಭಾಷೆಯಲ್ಲಿ ಹೇಳಲಿ.

ಮೂರು, ಹೇಳಿದ ಮೇಲೆ ‘ಗೊತ್ತಾಯಿತೇ?’ ಎಂದು ಕೇಳಬೇಡಿ. ಎಲ್ಲರೂ ‘ಹ್ಞೂಂ’ ಎನ್ನುತ್ತಾರೆ. ‘ನಾವು ಹೇಳಿದ್ದನ್ನು ನೀವು ಒಮ್ಮೆ ಹೇಳಿ’ ಎನ್ನಿ. ಮುಟ್ಟಿತೋ ಇಲ್ಲವೋ ಆಗ ತಿಳಿಯುತ್ತದೆ.

ನಾಲ್ಕು, ದೂರನ್ನು ಒಬ್ಬಂಟಿಯಾಗಿ ಒಯ್ಯಬೇಡಿ, ಬರಿಬಾಯಲ್ಲಿ ಒಯ್ಯಬೇಡಿ. ಇಬ್ಬರು ಹೋಗಿ, ಬರೆದು ಕೊಡಿ, ತಾರೀಖು ಹಾಕಿ, ಇನ್ನೊಂದು ಪ್ರತಿಯಲ್ಲಿ ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. ಒಬ್ಬನ ಮಾತನ್ನು ಮರೆತೆ ಎನ್ನಬಹುದು. ಕಾಗದವನ್ನು ಮರೆತೆ ಎನ್ನಲಾಗದು.

ಐದು, ನಮ್ಮ ಸಂಘದೊಳಗೂ ಇದೇ ನಿಯಮ ನಡೆಯಲಿ. ಮುಖಂಡರು ಎರಡು ಗಂಟೆ ಮಾತನಾಡಿ, ಕೆಲಸಗಾರರು ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಸಭೆ ಕಾರ್ಮಿಕರ ಸಭೆಯಾಗದು. ಅರ್ಧ ಹೊತ್ತು ಕೆಳಗೆ ಕುಳಿತವರಿಗೆ, ಅದರಲ್ಲಿಯೂ ಹಿಂದಿನ ಸಾಲಿನ ತಾಯಂದಿರಿಗೆ ಸಲ್ಲಬೇಕು. ಮಾಲೀಕ ಕೇಳುವುದಿಲ್ಲವೆಂದು ದೂರುವ ಸಂಘ ತಾನು ಕೇಳುವುದನ್ನು ಮೊದಲು ಕಲಿಯಬೇಕು.

ವರ್ತಕರೂ ವಾರದಲ್ಲೊಂದು ದಿನ ಬಾಗಿಲು ಹಾಕುವ ಮುನ್ನ ಅರ್ಧ ಗಂಟೆ ಅಂಗಡಿಯ ಹುಡುಗರನ್ನು ಕೂರಿಸಿಕೊಳ್ಳಲಿ. ಏನು ಕೆಟ್ಟಿದೆ, ಗಿರಾಕಿ ಏನೆಂದ ಎಂದು ಕೇಳಲಿ. ಆ ಅರ್ಧ ಗಂಟೆಯಲ್ಲಿ ಸಿಟ್ಟನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿ.

ಇವೆಲ್ಲ ಸಣ್ಣ ಕೆಲಸಗಳು. ಇವುಗಳಿಂದ ನಾಳೆಯೇ ಕೂಲಿ ಏರುವುದಿಲ್ಲ, ಬೆಲೆ ಇಳಿಯುವುದಿಲ್ಲ. ಆದರೆ ಕೂಲಿಯ ಬೇಡಿಕೆ ಎತ್ತಬೇಕಾದ ದಿನ ಬಂದಾಗ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವ ಅಭ್ಯಾಸವಿದ್ದ ಜನ ಒಟ್ಟಾಗಿ ನಿಲ್ಲುತ್ತಾರೆ. ಅಭ್ಯಾಸವಿಲ್ಲದವರು ವದಂತಿಗೆ ಚದುರುತ್ತಾರೆ. ಈಗ ನಾವು ಇಳಿದು ನಿಮ್ಮ ನಡುವೆ ಕೂರುತ್ತೇವೆ. ಉಳಿದ ಹೊತ್ತು ನಿಮ್ಮದು. ಹಿಂದಿನ ಸಾಲಿನಿಂದ ಶುರುವಾಗಲಿ.